ನದಿಯ ಗಡಿಯಾರ ನೋಡಿ ಹುಟ್ಟು ಹಾಕಿ

ಕರಾವಳಿಯ ನದಿಗಳಲ್ಲಿ ಕಯಾಕ್ ಹವ್ಯಾಸ ಆರಂಭಿಸುವವರಿಗೊಂದು ಕೈಪಿಡಿ

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿಗೆ ಬೆಳಗ್ಗೆ ಏಳಕ್ಕೆ ಹೋದರೆ ಕೆಲವು ದಿನ ನೀರು ಘಟ್ಟದ ಕಡೆಗೆ ಹರಿಯುತ್ತಿರುತ್ತದೆ. ಹತ್ತು ಗಂಟೆಗೆ ಅದೇ ದಡದಲ್ಲಿ ನಿಂತು ನೋಡಿದರೆ ಅದೇ ನೀರು ಕಡಲಿನತ್ತ ಓಡುತ್ತಿರುತ್ತದೆ. ಹೊಳೆ ಹಿಂದಕ್ಕೂ ಮುಂದಕ್ಕೂ ಹರಿಯುವುದು ಕರಾವಳಿಯವರಿಗೆ ದಿನನಿತ್ಯದ ಸಂಗತಿ. ಮೀನು ಹಿಡಿಯುವವರು, ಮರಳು ದೋಣಿಯವರು, ಹೊಳೆ ನಡುವಿನ ನಡುಗಡ್ಡೆಗಳಾದ ಕುದ್ರುಗಳಲ್ಲಿ ಮನೆ ಮಾಡಿಕೊಂಡವರು ಎಲ್ಲರೂ ಈ ಹೊತ್ತನ್ನು ನೋಡಿಯೇ ನೀರಿಗಿಳಿಯುತ್ತಾರೆ. ಕಯಾಕ್ ಹಿಡಿದು ಹೊಸದಾಗಿ ಬರುವವರು ಮೊದಲು ಕಲಿಯಬೇಕಾದದ್ದೂ ಇದೇ. ಎಷ್ಟು ಬಲವಾಗಿ ಹುಟ್ಟು ಹಾಕುತ್ತೀರಿ ಎನ್ನುವುದು ಆಮೇಲಿನ ಮಾತು. ಯಾವ ಹೊತ್ತಿಗೆ ಹೊರಟು ಯಾವ ಹೊತ್ತಿಗೆ ತಿರುಗುತ್ತೀರಿ ಎನ್ನುವುದರ ಮೇಲೆ ಆ ದಿನದ ಸುಖ ಮತ್ತು ಸುರಕ್ಷೆ ಎರಡೂ ನಿಂತಿವೆ.

ಕಯಾಕ್ ಮೂಲತಃ ಆರ್ಕ್‌ಟಿಕ್ ಪ್ರದೇಶದ ಇನ್ಯೂಟ್ ಮತ್ತಿತರ ಜನರ ಬೇಟೆ ದೋಣಿ. ತೇಲಿಬಂದ ಮರದ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊಲಿದು ಕಟ್ಟಿ, ಒಬ್ಬನೇ ಕೂತು ಸದ್ದಿಲ್ಲದೆ ಸಾಗಲು ಮಾಡಿಕೊಂಡ ಸಾಧನ ಅದು. ಇಂದಿನ ಪ್ಲಾಸ್ಟಿಕ್ ಕಯಾಕ್‌ನಲ್ಲೂ ಆ ಮೂಲ ಗುಣಗಳು ಉಳಿದಿವೆ. ನೀವು ನೀರಿನ ಮಟ್ಟದಲ್ಲೇ ಕಾಲು ಚಾಚಿ ಕೂರುತ್ತೀರಿ. ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತೀರಿ. ಗೇಣುದ್ದ ನೀರಿದ್ದರೂ ದೋಣಿ ಸಾಗುತ್ತದೆ. ಎಂಜಿನ್ ದೋಣಿ ನುಗ್ಗಲಾರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಿರುಗಾಲುವೆಗಳಿಗೆ ಕಯಾಕ್ ಹೋಗುವುದು ಈ ಕಾರಣಕ್ಕೆ.

ಎಲ್ಲಿ ಆರಂಭಿಸಬೇಕು?

ಘಟ್ಟದಿಂದಿಳಿದು ಕಡಲು ಸೇರುವ ನದಿಗಳ ಕೊನೆಯ ಹತ್ತಿಪ್ಪತ್ತು ಕಿಲೋಮೀಟರು ಹೊಸಬರಿಗೆ ಹೇಳಿಮಾಡಿಸಿದ ಜಾಗ. ಅಲ್ಲಿ ಬಂಡೆಗಳ ನಡುವಿನ ರಭಸವಿಲ್ಲ, ಹರಿವು ಸೌಮ್ಯ, ದಡ ಹತ್ತಿರ. ಸಾಲಿಗ್ರಾಮದ ಪಾರಂಪಳ್ಳಿ ಕಡೆಯ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಮಾರ್ಗದರ್ಶಕರೊಂದಿಗೆ ಕಯಾಕ್ ಮಾಡುವ ವ್ಯವಸ್ಥೆ ಇದೆ. ಮೂಲ್ಕಿಯ ಶಾಂಭವಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ ನದಿಗಳ ಕೆಳಭಾಗವೂ ಕಲಿಯುವವರಿಗೆ ಒಗ್ಗುತ್ತದೆ. ಗಂಗೊಳ್ಳಿಯಲ್ಲಿ ಸೌಪರ್ಣಿಕಾ, ವಾರಾಹಿ ಮೊದಲಾದ ಐದು ಹೊಳೆಗಳು ಸೇರುವ ಪಂಚಗಂಗಾವಳಿಯ ಹರವು ದೊಡ್ಡದು, ಗಾಳಿಯೂ ಹೆಚ್ಚು. ಅದನ್ನು ಸ್ವಲ್ಪ ಅನುಭವ ಆದಮೇಲೆ ಇಟ್ಟುಕೊಳ್ಳಿ.

ಕುಮಟಾ ತಾಲ್ಲೂಕಿನ ಅಘನಾಶಿನಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಬಳಿ ಕಡಲು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟು ಇಲ್ಲ. ನದಿಯ ನೀರು ಮತ್ತು ಕಡಲಿನ ನೀರು ಇಲ್ಲಿ ತಮ್ಮ ಪಾಡಿಗೆ ಬೆರೆಯುತ್ತವೆ. ನೀರು ಇಳಿದಾಗ ಮೇಲೆ ಕಾಣುವ ಕೆಸರಿನ ಬಯಲಿನಲ್ಲಿ ನೂರಾರು ಜನ ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ, ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಂಥ ನದಿಯನ್ನು ನೀರಿನ ಮಟ್ಟದಿಂದ ನೋಡುವುದು ಈ ಹವ್ಯಾಸದ ದೊಡ್ಡ ಲಾಭ.

ಕಾಳಿ ನದಿಯ ಮೇಲ್ಭಾಗದ ಗಣೇಶಗುಡಿ, ಕೊಡಗಿನ ಬರಪೊಳೆಗಳ ಕಥೆ ಬೇರೆ. ಗಣೇಶಗುಡಿಯ ರಭಸ ಸೂಪಾ ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೆ ಎನ್ನುವುದರ ಮೇಲಿದೆ. ಬರಪೊಳೆ ಮಳೆಗಾಲದಲ್ಲಷ್ಟೇ ತುಂಬುತ್ತದೆ. ರಭಸದ ನೀರನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ. ಒಂದು ಎಂದರೆ ಸಣ್ಣ ಅಲೆ, ಆರು ಎಂದರೆ ಪ್ರಾಣಕ್ಕೇ ಅಪಾಯ. ಕೇರಳದ ಕೋಳಿಕ್ಕೋಡ್ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ನಡೆಯುವ ಮಲಬಾರ್ ರಿವರ್ ಫೆಸ್ಟಿವಲ್‌ನಲ್ಲಿ ಅಂಥ ನೀರಿನಲ್ಲಿ ಪಳಗಿದವರ ಕೈಚಳಕ ನೋಡಬಹುದು. ಅದು ವರ್ಷಗಟ್ಟಲೆ ತರಬೇತಿ ಬೇಡುವ ಕ್ರೀಡೆ; ಈ ಲೇಖನ ಸಮತಟ್ಟಾದ ನೀರಿಗೆ ಸೀಮಿತ.

ನೀರಿನ ಲೆಕ್ಕ

ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಹನ್ನೆರಡು ನಿಮಿಷ. ಇಡೀ ಚಕ್ರ ಮುಗಿಯಲು 24 ಗಂಟೆ 50 ನಿಮಿಷ ಬೇಕಾದ್ದರಿಂದ ಇಂದು ಎಂಟು ಗಂಟೆಗೆ ಬಂದ ಉಬ್ಬರ ನಾಳೆ ಎಂಟು ಐವತ್ತರ ಸುಮಾರಿಗೆ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದುಗೂಡಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಆಗ ಏರಿಳಿತದ ಅಂತರ ಸುಮಾರು ಒಂದೂವರೆ ಮೀಟರಿನಿಂದ ಎರಡು ಮೀಟರು. ಅಷ್ಟಮಿಯಿಂದ ದಶಮಿಯ ತನಕ ಅಂತರ ತೀರಾ ಕಡಿಮೆ, ಹರಿವೂ ಮಂದ. ಮೊದಲ ಕೆಲವು ಸಲ ನೀರಿಗಿಳಿಯಲು ಈ ತಿಥಿಗಳು ಒಳ್ಳೆಯವು. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಒಂದು ಹುಣ್ಣಿಮೆಯಂದು ಉಬ್ಬರ ಯಾವ ಹೊತ್ತಿಗೆ ಬಂತೆಂದು ಗುರುತು ಹಾಕಿಕೊಂಡರೆ ಮುಂದಿನ ಅಮಾವಾಸ್ಯೆಗೂ ಹೆಚ್ಚುಕಡಿಮೆ ಅದೇ ಹೊತ್ತು. ನಿಖರ ಸಮಯಕ್ಕೆ ಸರ್ವೇ ಆಫ್ ಇಂಡಿಯಾದ ಉಬ್ಬರವಿಳಿತ ಪಟ್ಟಿ ಇದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಅಲೆಗಳ ಮುನ್ಸೂಚನೆಯನ್ನೂ ಕೊಡುತ್ತದೆ.

ನೀರು ಆರೂ ಗಂಟೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಕೊನೆಯ ಗಂಟೆಯಲ್ಲಿ ಒಂದು. ಇದು ಅಂದಾಜಿನ ಲೆಕ್ಕ, ಆದರೂ ನದಿಯಲ್ಲಿ ಬಹಳ ಉಪಯೋಗಿ.

ಒಂದು ಬೆಳಗನ್ನು ತೆಗೆದುಕೊಳ್ಳಿ. ಅಳಿವೆಯಲ್ಲಿ ಉಬ್ಬರ ಎಂಟೂವರೆಗೆ, ಅಂತರ 120 ಸೆಂಟಿಮೀಟರು. ನೀವು ಏಳು ಗಂಟೆಗೆ ಹೊರಟರೆ ಏರುವ ನೀರು ನಿಮ್ಮನ್ನು ಪೂರ್ವಕ್ಕೆ ತಾನೇ ಒಯ್ಯುತ್ತದೆ. ಎಂಟೂವರೆ, ಒಂಬತ್ತರ ಹೊತ್ತಿಗೆ ನೀರು ನಿಲ್ಲುತ್ತದೆ. ಕಾಂಡ್ಲಾ ಕಾಲುವೆಗಳ ಒಳಗೆ ಹೋಗಲು ಅದೇ ಸರಿಯಾದ ಗಳಿಗೆ. ಒಂಬತ್ತೂವರೆಯೊಳಗೆ ನೀರು ಇಳಿಯುವುದು ಬರೀ ಹತ್ತು ಸೆಂಟಿಮೀಟರು, ಹತ್ತೂವರೆಯೊಳಗೆ ಮತ್ತೆ ಇಪ್ಪತ್ತು. ಈ ಹೊತ್ತಿಗೆ ಇಳಿನೀರಿನೊಂದಿಗೆ ಹೊರಟ ದಡಕ್ಕೆ ಮರಳಿರಬೇಕು. ಹತ್ತೂವರೆಯಿಂದ ಹನ್ನೆರಡೂವರೆಯ ತನಕ ಗಂಟೆಗೆ ಮೂವತ್ತು ಸೆಂಟಿಮೀಟರಿನಂತೆ ನೀರು ಬಸಿಯುತ್ತದೆ. ಬಿಸಿಲೇರಿದಂತೆ ಕಡಲಗಾಳಿ ಎದ್ದು ಪಶ್ಚಿಮದಿಂದ ಬೀಸುವುದೂ ಸುಮಾರು ಆಗಲೇ. ನೀರು ಪಶ್ಚಿಮಕ್ಕೆ, ಗಾಳಿ ಪೂರ್ವಕ್ಕೆ ಎಂದಾಗ ಅಳಿವೆಯ ಕಡೆ ಮೊನಚಾದ ಗಿಡ್ಡ ಅಲೆಗಳು ಏಳುತ್ತವೆ. ಬೆಳಗ್ಗೆ ಸಪಾಟಾಗಿದ್ದ ನದಿ ಮಧ್ಯಾಹ್ನ ಹೊಸಬರನ್ನು ಕಂಗೆಡಿಸುವುದು ಹೀಗೆ.

ಅಂಕಗಣಿತ ಇನ್ನೊಂದಿದೆ. ಹೊಸಬರು ನಿಂತ ನೀರಿನಲ್ಲಿ ಗಂಟೆಗೆ ಸುಮಾರು ನಾಲ್ಕು ಕಿಲೋಮೀಟರು ಸಾಗಬಲ್ಲರು. ಎದುರು ಹರಿವು ಗಂಟೆಗೆ ಎರಡು ಕಿಲೋಮೀಟರು ಇದ್ದರೆ ಉಳಿಯುವುದು ಎರಡೇ. ಆಗ ನಾಲ್ಕು ಕಿಲೋಮೀಟರು ದಾಟಲು ಎರಡು ಗಂಟೆ ಬೇಕು. ಅದೇ ದೂರ ಹರಿವಿನೊಂದಿಗೆ ನಲವತ್ತು ನಿಮಿಷದ ದಾರಿ. ತೋಳು ಒಂದೇ, ದೋಣಿ ಒಂದೇ. ಹೊರಟ ಹೊತ್ತು ಮಾತ್ರ ಬೇರೆ.

ಎರಡು ಎಚ್ಚರಿಕೆಗಳು. ಉಬ್ಬರ ಅಳಿವೆಯಿಂದ ಮೇಲಕ್ಕೆ ಬರಲು ಹೊತ್ತು ಹಿಡಿಯುತ್ತದೆ. ನಿಮ್ಮ ದಡದಲ್ಲಿ ಅದು ಎಷ್ಟು ತಡ ಎಂಬುದನ್ನು ಅಲ್ಲಿಯ ಮೀನುಗಾರರನ್ನೇ ಕೇಳಿ. ಶರಾವತಿ, ಕಾಳಿಗಳಲ್ಲಿ ಮೇಲಿನ ಅಣೆಕಟ್ಟುಗಳ ನೀರೂ ಲೆಕ್ಕಕ್ಕೆ ಸೇರುತ್ತದೆ. ಗೇರುಸೊಪ್ಪೆಯಿಂದಲೋ ಕದ್ರಾದಿಂದಲೋ ನೀರು ಬಿಡುವ ಸೂಚನೆ ಇದ್ದ ದಿನ ನದಿಗೆ ಇಳಿಯಬೇಡಿ.

ದೋಣಿ, ಹುಟ್ಟು, ಲೈಫ್ ಜಾಕೆಟ್

ಕೊಳ್ಳುವ ಅವಸರ ಬೇಡ. ಒಂದು ಋತುವಿಡೀ ಬಾಡಿಗೆ ದೋಣಿಯಲ್ಲಿ ಕಲಿಯಿರಿ. ಮೇಲೆ ಕೂರುವ, ಒಳಗೆ ಕೂರುವ, ಗಾಳಿ ತುಂಬುವ ಹೀಗೆ ಮೂರು ಬಗೆ ಸಾಮಾನ್ಯ. ನಮ್ಮ ಬೆಚ್ಚಗಿನ ನೀರಿಗೆ ಮೇಲೆ ಕೂರುವ ಕಯಾಕ್ ಉತ್ತಮ. ಮಗುಚಿದರೂ ಒಳಗೆ ನೀರು ತುಂಬುವುದಿಲ್ಲ, ಮತ್ತೆ ಹತ್ತುವುದು ಸುಲಭ. ಮೂರು ಮೀಟರಿನ ಅಗಲ ದೋಣಿ ಅಲುಗಾಡದೆ ನಿಲ್ಲುತ್ತದೆ, ಆದರೆ ನಿಧಾನ. ನಾಲ್ಕು ಮೀಟರು ಮೀರಿದ ಕಿರಿದಾದದ್ದು ನೇರವಾಗಿ, ವೇಗವಾಗಿ ಓಡುತ್ತದೆ, ಆದರೆ ಕಾಂಡ್ಲಾ ಕಾಲುವೆಯ ತಿರುವುಗಳಲ್ಲಿ ಸುಲಭವಾಗಿ ತಿರುಗುವುದಿಲ್ಲ. ಗಾಳಿ ತುಂಬುವಂಥದ್ದನ್ನು ಮಡಚಿ ಬಸ್ಸಿನಲ್ಲಿ ಒಯ್ಯಬಹುದು. ಆದರೆ ಕಲ್ಲಿಗೆ, ಬೇರಿಗೆ ಅಂಟಿದ ಸಿಂಪಿಗಳ ಅಂಚು ಅದನ್ನು ಸೀಳಬಲ್ಲದು.

ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಇಳಿಯಲೇಬಾರದು, ಎಂಥ ಈಜುಗಾರರಾದರೂ ಸರಿ. ನಿಮ್ಮ ಅಳತೆಯದೇ ಇರಲಿ. ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಜೊತೆಯವರು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲದವರೆಗೆ ಜಾರಿದರೆ ಅದು ಸಡಿಲ, ಬೇರೆ ಕೇಳಿ. ಕಾಲಿಗೆ ಹಿಮ್ಮಡಿ ಪಟ್ಟಿಯ ಚಪ್ಪಲಿ ಅಥವಾ ಹಳೆ ಕ್ಯಾನ್ವಾಸ್ ಶೂ ಬೇಕು. ಬರಿಗಾಲಲ್ಲಿ ಇಳಿದರೆ ಸಿಂಪಿ ಕಾಲು ಕೊಯ್ಯುತ್ತದೆ. ಬೇಗ ಒಣಗುವ ತುಂಬುತೋಳಿನ ಅಂಗಿ, ಟೋಪಿ, ಒಂದೂವರೆ ಲೀಟರು ಕುಡಿಯುವ ನೀರು, ಸೀಟಿ, ಜಲನಿರೋಧಕ ಚೀಲದಲ್ಲಿ ಫೋನು ಇರಲಿ. ಎಲ್ಲಿಂದ ಹೊರಟು ಎಷ್ಟು ಹೊತ್ತಿಗೆ ಬರುತ್ತೀರೆಂದು ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗಿ. ತುರ್ತಿಗೆ 112, ಅಳಿವೆಯ ಬಳಿಯಾದರೆ ಕೋಸ್ಟ್ ಗಾರ್ಡ್‌ನ 1554.

ಹುಟ್ಟು ಹಾಕುವ ಕ್ರಮ

ಹುಟ್ಟನ್ನು ತಲೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಮೊಣಕೈ ಲಂಬಕೋನಕ್ಕೆ ಮಡಚಿದಾಗ ಕೈ ಎಲ್ಲಿ ಬರುತ್ತದೋ ಅಲ್ಲೇ ಹಿಡಿಯಬೇಕು. ಬೆನ್ನು ನೆಟ್ಟಗಿರಲಿ, ಮೊಣಕಾಲು ತುಸು ಮಡಚಿರಲಿ, ಪಾದ ದೋಣಿಯ ಕಾಲ್ತಡೆಗೆ ತಾಗಿರಲಿ. ಅಲಗನ್ನು ಪಾದದ ಪಕ್ಕದಲ್ಲಿ ಪೂರ್ತಿ ಮುಳುಗಿಸಿ, ಸೊಂಟದ ತನಕ ಎಳೆದು ಹೊರತೆಗೆಯಿರಿ. ಸೊಂಟ ದಾಟಿ ಎಳೆದರೆ ದೋಣಿ ಮುಂದೆ ಹೋಗುವ ಬದಲು ಓರೆಯಾಗುತ್ತದೆ. ಎಳೆಯುವ ಕೆಲಸ ತೋಳಿನದಲ್ಲ. ಬಲಕ್ಕೆ ಹಾಕುವಾಗ ಬಲ ಹೆಗಲು ಮುಂದೆ ಬಂದು, ಎಳೆಯುವಾಗ ಇಡೀ ಎದೆಗೂಡು ಹಿಂದಕ್ಕೆ ತಿರುಗಬೇಕು. ಅರ್ಧ ಗಂಟೆಯ ಮೇಲೆ ತೋಳು ನೋಯುತ್ತಿದ್ದರೆ ನೀವು ತೋಳಿನಿಂದ ಎಳೆಯುತ್ತಿದ್ದೀರಿ; ಹೊಟ್ಟೆಯ ಪಕ್ಕೆಗಳಿಗೆ ದಣಿವು ಗೊತ್ತಾದರೆ ಸರಿಯಾಗಿ ಕಲಿಯುತ್ತಿದ್ದೀರಿ. ತಿರುಗಲು ಅಲಗನ್ನು ಪಾದದ ಬಳಿಯಿಂದ ಹೊರಗೆ ಅರ್ಧವೃತ್ತವಾಗಿ ದೋಣಿಯ ಹಿಂಬದಿಗೆ ಬಳಸಿ ತನ್ನಿ. ನಿಲ್ಲಲು ಎರಡೂ ಕಡೆ ಚಿಕ್ಕದಾಗಿ ಹಿಮ್ಮುಖ ಹುಟ್ಟು ಹಾಕಿ.

ಮೊದಲ ದಿನವೇ ಬೇಕೆಂದೇ ಮಗುಚಿ ಕಲಿಯಬೇಕು. ಮಾರ್ಗದರ್ಶಕರು ಪಕ್ಕದಲ್ಲಿರುವಾಗ, ಎದೆಮಟ್ಟದ ನೀರಿನಲ್ಲಿ. ದೋಣಿ ಕವುಚಿದ್ದರೆ ಅದರ ಆಚೆ ಬದಿಯ ಅಂಚು ಹಿಡಿದೆಳೆದು ಸರಿಮಾಡಿ. ಬಳಿಕ ಕಾಲನ್ನು ಹಿಂದಕ್ಕೆ ಚಾಚಿ, ಮೈಯನ್ನು ನೀರಿನ ಮೇಲ್ಮೈಗೆ ತಂದು, ಕಾಲು ಬಡಿಯುತ್ತಾ ಹೊಟ್ಟೆಯನ್ನು ದೋಣಿಯ ಮೇಲೆ ಅಡ್ಡ ಜಾರಿಸಿ. ಹೊರಳಿ ಆಸನಕ್ಕೆ ಕೂತು ಕೊನೆಗೆ ಕಾಲು ಒಳಗೆ ತನ್ನಿ. ಕಾಲು ಕೆಳಗೆ ಜೋತಾಡುತ್ತಿರುವಾಗಲೇ ಹತ್ತಲು ಹೋದವರು ದೋಣಿಯನ್ನು ಮತ್ತೆ ಮೈಮೇಲೆ ಎಳೆದುಕೊಳ್ಳುತ್ತಾರೆ. ಹರಿಯುವ ನೀರಿಗೆ ಬಿದ್ದರೆ ನಿಲ್ಲಲು ಯತ್ನಿಸಬೇಡಿ. ಬೆನ್ನ ಮೇಲೆ ತೇಲಿ, ಪಾದ ಹರಿವಿನ ದಿಕ್ಕಿಗೆ ಮುಂದಿರಲಿ. ತಳದ ಕಲ್ಲಿನ ಸಂದಿಗೆ ಕಾಲು ಸಿಕ್ಕಿಕೊಂಡರೆ ಹರಿವು ಮೈಯನ್ನು ಮಗುಚಿ ನೀರಿನಡಿ ಅದುಮುತ್ತದೆ. ಮರಳು ತೆಗೆದ ಕಡೆ ಮೊಣಕಾಲು ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿ ಇರುವುದೂ ಉಂಟು.

ಕಾಂಡ್ಲಾ ಕಾಡಿನೊಳಗೆ

ನೀರು ತುಂಬಿದಾಗ ಒಳಕಾಲುವೆ ಹೊಕ್ಕರೆ ಎರಡೂ ಬದಿಯ ಕೊಂಬೆಗಳು ತಲೆಯ ಮೇಲೆ ಸೇರುತ್ತವೆ. ಕಾಂಡದಿಂದ ಬಿಲ್ಲಿನಂತೆ ಬಾಗಿಳಿದ ಬೇರುಗಳಿರುವ ಮರಗಳನ್ನು ಗಮನಿಸಿ. ಅವುಗಳ ಬೀಜ ಮರದಲ್ಲೇ ಮೊಳೆತು ಹಸಿರಾಗಿ ಉದ್ದಕ್ಕೆ ಜೋತಾಡುತ್ತಿರುತ್ತದೆ. ಕಳಚಿ ಬಿದ್ದದ್ದು ಕೆಸರಿಗೆ ನಾಟಿಕೊಂಡರೆ ಅಲ್ಲೇ ಬೇರು ಬಿಡುತ್ತದೆ, ನೀರಿಗೆ ಬಿದ್ದದ್ದು ತೇಲಿಹೋಗಿ ಬೇರೆ ದಡ ಸೇರುತ್ತದೆ. ಇನ್ನೊಂದು ಜಾತಿಯ ಸುತ್ತ ಕೆಸರಿನಿಂದ ಗೇಣುದ್ದದ ಬೇರುಗಳು ನೆಟ್ಟಗೆ ಮೇಲೆದ್ದಿರುತ್ತವೆ. ಉಸಿರಾಡುವ ಬೇರುಗಳವು, ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಮರ ಮಾಡಿಕೊಂಡ ಏರ್ಪಾಡು. ಅದೇ ಮರದ ಎಲೆಯ ಮೇಲೆ ಬೆರಳಾಡಿಸಿ ನಾಲಗೆಗೆ ತಾಗಿಸಿದರೆ ಉಪ್ಪು. ಬೇರು ಹೀರಿದ ಹೆಚ್ಚುವರಿ ಉಪ್ಪನ್ನು ಅದು ಎಲೆಯಿಂದ ಹೊರಹಾಕುತ್ತದೆ. ಹುಟ್ಟು ಎತ್ತಿಟ್ಟು ಐದು ನಿಮಿಷ ಸುಮ್ಮನಿದ್ದರೆ ಮಿಂಚುಳ್ಳಿ, ಬೆಳ್ಳಕ್ಕಿ, ಒಂದೇ ದೊಡ್ಡ ಕೊಂಡಿ ಬೀಸುವ ಪುಟ್ಟ ಏಡಿಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಅದೃಷ್ಟವಿದ್ದರೆ ನೀರುನಾಯಿಯೂ.

ಈ ಕಾಲುವೆಗಳು ಎಲ್ಲಕ್ಕಿಂತ ಮೊದಲು ಬತ್ತುತ್ತವೆ ಎಂಬುದು ನೆನಪಿರಲಿ. ನೀರು ತಿರುಗಿದ್ದು ಕಂಡ ತಕ್ಷಣ, ಅಂದರೆ ತೇಲುವ ಎಲೆಗಳು ಹೊರಗಿನತ್ತ ಸಾಗಲು ಶುರುಮಾಡಿದ ಕೂಡಲೇ, ನೀವೂ ಹೊರಡಿ. ಒಂದು ವೇಳೆ ಕೆಸರಿನಲ್ಲಿ ಸಿಕ್ಕಿಕೊಂಡರೆ ಇಳಿದು ತಳ್ಳಲು ಹೋಗಬೇಡಿ, ತೊಡೆಯ ತನಕ ಹೂತುಹೋಗಬಹುದು. ದೋಣಿಯಲ್ಲೇ ಕೂತು ಮುಂದಿನ ಉಬ್ಬರಕ್ಕೆ ಕಾಯುವುದೇ ಕ್ಷೇಮ. ಕೊಂಬೆ ಮುರಿಯುವುದು, ಬೇರುಗಳ ಮೇಲೆ ದೋಣಿ ಹತ್ತಿಸುವುದು ಕೂಡದು. ಕಾಂಡ್ಲಾ ಕಾಡಿಗೆ ಕಾನೂನಿನ ರಕ್ಷಣೆ ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕಾದ ಕಡೆ ಕೇಳಿಯೇ ಹೋಗಿ.

ಹೋಗಬಾರದ ಕಡೆ

ಕಿಂಡಿ ಅಣೆಕಟ್ಟು: ಕರಾವಳಿಯ ಹೊಳೆಗಳಿಗೆ ಉಪ್ಪುನೀರು ಮೇಲೇರದಂತೆ, ಬೇಸಿಗೆಗೆ ಸಿಹಿನೀರು ನಿಲ್ಲುವಂತೆ ಕಟ್ಟಿದ ತಡೆಗಳಿವು. ಮಳೆ ಮುಗಿದ ಮೇಲೆ ಹಲಗೆ ಹಾಕುತ್ತಾರೆ, ಮುಂಗಾರಿಗೆ ಮುನ್ನ ತೆಗೆಯುತ್ತಾರೆ. ಹಲಗೆ ಮೇಲಿಂದ ನೀರು ಬೀಳುವ ಕೆಳಭಾಗದಲ್ಲಿ ನೀರು ಹಿಂದಕ್ಕೆ ಸುತ್ತುತ್ತಿರುತ್ತದೆ. ಎತ್ತರ ಒಂದೇ ಮೀಟರು ಇದ್ದರೂ ಅದಕ್ಕೆ ಸಿಕ್ಕಿದವರು ಹೊರಬರುವುದು ಕಷ್ಟ. ಮೇಲಿನಿಂದ ಬರುವವರಿಗೆ ಅದು ಹತ್ತಿರ ಬರುವ ತನಕ ಕಾಣುವುದೂ ಇಲ್ಲ. ಹೋಗುವ ದಾರಿಯಲ್ಲಿ ಕಿಂಡಿ ಅಣೆಕಟ್ಟು ಎಲ್ಲಿದೆ ಎಂದು ಮುಂಚೆಯೇ ವಿಚಾರಿಸಿ. ಅದು ಇನ್ನೂ ದೂರವಿರುವಾಗಲೇ ದಡಕ್ಕೆ ಬಂದು ದೋಣಿ ಹೊತ್ತು ದಾಟಿ.

ಅಳಿವೆಯ ಬಾಗಿಲು: ಇಳಿತದ ಹೊತ್ತಿನಲ್ಲಿ ಹೊರಹೋಗುವ ನೀರು ಮರಳ ದಿಬ್ಬದ ಮೇಲೆ ಒಳಬರುವ ಅಲೆಗೆ ಡಿಕ್ಕಿ ಹೊಡೆಯುತ್ತದೆ. ಪಳಗಿದ ಮೀನುಗಾರರಿಗೂ ಅಲ್ಲಿ ದೋಣಿ ಮಗುಚಿದ್ದಿದೆ. ಸೀತಾ, ಸ್ವರ್ಣಾ ಒಟ್ಟಾಗಿ ಕಡಲು ಸೇರುವ ಕೋಡಿ ಬೆಂಗ್ರೆಯ ತುದಿಯನ್ನು ದಡದ ಮೇಲೆ ನಿಂತು ನೋಡಿ, ಸಾಕು.

ನೀರಿಗೆ ಬಿದ್ದ ಮರ: ನೀರು ಕೊಂಬೆಗಳ ನಡುವೆ ನುಗ್ಗಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ಹರಿವು ನಿಮ್ಮನ್ನು ಅತ್ತ ಒಯ್ಯುತ್ತಿದ್ದರೆ ಬೇಗನೆ ಎದುರು ದಡಕ್ಕೆ ಸರಿಯಿರಿ.

ಬಲೆ ಮತ್ತು ದೋಣಿ: ಕಂಬಕ್ಕೆ ಕಟ್ಟಿದ ಬಲೆಯನ್ನು ಬಳಸಿಕೊಂಡು ಹೋಗಿ, ಮೇಲೆ ಹಾಯಬೇಡಿ. ಅದು ಒಬ್ಬರ ಆ ದಿನದ ದುಡಿಮೆ. ಎಂಜಿನ್ ದೋಣಿಯ ಅಲೆ ಬಂದಾಗ ಕಯಾಕ್‌ನ ಮೂತಿಯನ್ನು ಅದಕ್ಕೆ ನೇರ ತಿರುಗಿಸಿ. ಪಕ್ಕಕ್ಕೆ ಬಡಿದರೆ ಮಗುಚುತ್ತದೆ.

ಮೊಸಳೆ: ದಾಂಡೇಲಿಯ ಕಾಳಿ, ಶ್ರೀರಂಗಪಟ್ಟಣದ ಸುತ್ತಿನ ಕಾವೇರಿ, ತುಂಗಭದ್ರಾ ಇವುಗಳಲ್ಲಿ ಮೊಸಳೆಗಳಿವೆ. ಸ್ಥಳೀಯ ಮಾರ್ಗದರ್ಶನವಿಲ್ಲದೆ ಅಲ್ಲಿ ಕಯಾಕ್ ಬೇಡವೇ ಬೇಡ.

ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯ ನದಿಗಳು ಕೆಂಪಾಗಿ ತುಂಬಿ ಹರಿಯುತ್ತವೆ, ಆ ತಿಂಗಳುಗಳು ಹವ್ಯಾಸಿಗಳಿಗಲ್ಲ. ನವೆಂಬರ್‌ನಿಂದ ಫೆಬ್ರುವರಿ ತನಕ ಒಳ್ಳೆಯ ಕಾಲ. ಅಕ್ಟೋಬರ್‌ನಲ್ಲಿ, ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಭಯ. ಗುಡುಗು ಕೇಳಿಸಿದರೆ ದಡ ಸೇರಿ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಾಯಿರಿ. ಮೈಮೇಲೆ ಗಾಯವಿದ್ದರೆ ಮುಚ್ಚಿಕೊಂಡು ಇಳಿಯಿರಿ. ಮಳೆ ಕಳೆದ ಹೊಸತರಲ್ಲಿ ಸಿಹಿನೀರಿನಿಂದ ಇಲಿಜ್ವರ ತಗಲುವ ಸಾಧ್ಯತೆ ಇದೆ. ಆಮೇಲಿನ ವಾರಗಳಲ್ಲಿ ಜ್ವರ ಬಂದರೆ ನದಿಗೆ ಇಳಿದದ್ದನ್ನು ವೈದ್ಯರಿಗೆ ಹೇಳಿ.

ಮೊದಲ ಋತುವಿಗೆ ಒಂದು ಕ್ರಮ

ಮೊದಲ ಸಲ ಮಾರ್ಗದರ್ಶಕರೊಂದಿಗೆ, ಅಷ್ಟಮಿ, ದಶಮಿಯ ಮಂದ ನೀರಿನಲ್ಲಿ, ಎರಡು ಕಿಲೋಮೀಟರು ಮೀರದಂತೆ ಹೋಗಿ. ಮಗುಚಿ ಹತ್ತುವುದನ್ನು ಕಲಿತುಕೊಳ್ಳಿ. ಆಮೇಲೆ ಉಬ್ಬರದೊಂದಿಗೆ ಮೇಲಕ್ಕೆ, ಇಳಿತದೊಂದಿಗೆ ಕೆಳಕ್ಕೆ ಬರುವ ಬೆಳಗಿನ ಸುತ್ತುಗಳನ್ನು ಮಾಡಿ. ಅದು ಕೈಗೆ ಒಗ್ಗಿದ ಮೇಲೆ ಹುಣ್ಣಿಮೆಯ ಆಸುಪಾಸಿನ ಬಿರುಸು ನೀರನ್ನು ಅದೇ ಜಾಗದಲ್ಲಿ ನೋಡಿ. ಪ್ರತಿ ಸಲವೂ ತಿಥಿ, ಉಬ್ಬರದ ಹೊತ್ತು, ನಿಮ್ಮ ದಡದಲ್ಲಿ ನೀರು ತಿರುಗಿದ ಹೊತ್ತು, ಗಾಳಿ ಎದ್ದ ಹೊತ್ತು ಇಷ್ಟನ್ನು ಬರೆದಿಟ್ಟುಕೊಳ್ಳಿ. ಋತು ಮುಗಿಯುವಷ್ಟರಲ್ಲಿ ಆ ನದಿಯ ನಾಲ್ಕಾರು ಕಿಲೋಮೀಟರು ಯಾವ ಮೊಬೈಲ್ ಆ್ಯಪ್‌ಗಿಂತಲೂ ಚೆನ್ನಾಗಿ ನಿಮಗೆ ಗೊತ್ತಿರುತ್ತದೆ.

ಹತ್ತು ನದಿಗಳಲ್ಲಿ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ನದಿಗೆ ಹತ್ತು ಸಲ ಹೋಗುವುದು ಮೇಲು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ಕಾಲುವೆಯನ್ನು ಮತ್ತೆ ಮತ್ತೆ ನೋಡಿದವರಿಗೆ ಮಾತ್ರ ಕಾಂಡ್ಲಾ ಸಾಲು ಎಲ್ಲಿ ತೆಳುವಾಯಿತು, ದಡ ಎಲ್ಲಿ ಕುಸಿಯಿತು, ಯಾರ ಕೊಳವೆ ಹೊಳೆಗೆ ಹೊಲಸು ಬಿಡುತ್ತಿದೆ, ಮರಳಿನ ಗುಂಡಿ ಎಲ್ಲಿ ಹೊಸದಾಗಿ ಬಿತ್ತು ಎನ್ನುವುದು ತಿಳಿಯುತ್ತದೆ. ರಸ್ತೆಯಿಂದ, ಸೇತುವೆಯಿಂದ ಇದು ಕಾಣುವುದಿಲ್ಲ. ಕಂಡದ್ದನ್ನು ದಿನಾಂಕ, ಚಿತ್ರ ಸಮೇತ ಗ್ರಾಮ ಪಂಚಾಯಿತಿಗೋ ಅರಣ್ಯ ಇಲಾಖೆಗೋ ತಿಳಿಸಿ. ನದಿಯ ಹೊತ್ತುಗೊತ್ತು ಅರಿತ ಇಂಥ ಹವ್ಯಾಸಿಗಳು ಪ್ರತಿ ಹೊಳೆಗೂ ಬೇಕು.